ಸೊಸೆಹಲ್ಲು

ಹಿಟ್ಟಿನ ಅಂಗಡಿಯಲ್ಲಿ ಎದುರಾದರೆ
ಜಾನ್ಸುಗ್ ತಕ್ಕಡಿಯ ಮುಳ್ಳು ನೋಡುತ್ತಾನೆ,
ನಾನು ಮೇಲೆ ನೇತುಹಾಕಿದ ಬೆಳ್ಳುಳ್ಳಿ ಗೊಂಚಲು.
ಅಂಗಡಿಯವಳು ಅವಸರದಲ್ಲಿ ಚಿಲ್ಲರೆ ಎಣಿಸುತ್ತಾಳೆ.

ಅವನಜ್ಜ ನಮ್ಮ ದೊಡ್ಡಜ್ಜನನ್ನು ಕೊಂದದ್ದು
ಒಂದು ಎತ್ತಿನ ಗಂಟೆಗೆ.
ಆಮೇಲೆ ನಮ್ಮವರು ಕೊಂದದ್ದು
ಗಂಟೆಗಲ್ಲ.
ಸ್ವಾನೇತಿಯ ಈ ಕೊನೆಯ ಊರಲ್ಲಿ ಈಗಲೂ
ಎರಡು ಕಲ್ಲುಗೋಪುರ ಎದುರುಬದುರು,
ಕೋವಿಯ ಮೂತಿಯಷ್ಟೇ ಅಗಲದ ಕಿಂಡಿ,
ಒಳಗೆ ಆಲೂಗಡ್ಡೆ.

ಹುಲ್ಲು ಕುಯ್ದು ಮುಗಿದ ಮೊದಲ ಒಣ ವಾರ
ಎರಡು ಬೇರೆ ದಾರಿ ಹಿಡಿದು ಹೊರಡುತ್ತೇವೆ.
ಹೆಂಡತಿಗೆ ಹೇಳುತ್ತೇನೆ: ಕರು ತಪ್ಪಿಸಿಕೊಂಡಿದೆ.
ಇಪ್ಪತ್ತಾರು ವರ್ಷದಿಂದ ತಪ್ಪಿಸಿಕೊಳ್ಳುತ್ತಿದೆ ಅದೇ ಕರು.
ಅವಳು ಬುತ್ತಿಗೆ ಇಬ್ಬರ ರೊಟ್ಟಿ ಕಟ್ಟುತ್ತಾಳೆ,
ಮೆಂತ್ಯದುಪ್ಪಿನ ಪೊಟ್ಟಣ ಬೇರೆ.
ಏನೂ ಕೇಳುವುದಿಲ್ಲ.

ಹಿಮನದಿ ಮೂಗು ಸುರಿಸುವಲ್ಲಿ, ಬೂದು ಜಲ್ಲಿಯ ಮೇಲೆ
ಅವನು ಮೊದಲೇ ಬಂದು ಕೂತು
ಹಗ್ಗವನ್ನು ಗೇಣುಗೇಣಾಗಿ ಬೆರಳಲ್ಲಿ ಹಾಯಿಸುತ್ತಿರುತ್ತಾನೆ,
ಎಲ್ಲಿ ಸವೆದಿದೆ, ಎಲ್ಲಿ ಮೆತ್ತಗಾಗಿದೆ.
ಸೊಂಟಕ್ಕೆ ಗಂಟು ಬೀಳುತ್ತದೆ.
ನನ್ನದನ್ನು ಅವನು ಜಗ್ಗಿ ನೋಡುತ್ತಾನೆ, ಅವನದನ್ನು ನಾನು.
ಮಾತು ಶುರುವಾಗುವುದು ಆಗ.
ಮಗಳಿಗೆ?
ಗಂಡು.
ನಿನ್ನ ಮೊಣಕಾಲು?
ಇದೆ.

ಸೊಸೆಹಲ್ಲು ಎನ್ನುತ್ತಾರೆ ಊರಲ್ಲಿ ಈ ತುದಿಗೆ.
ಯಾವ ಸೊಸೆ, ಯಾರನ್ನು ಕಚ್ಚಿದಳು,
ಹೇಳಬಲ್ಲವರು ಸತ್ತಿದ್ದಾರೆ.
ಈ ಬಂಡೆಗಳ ಮೇಲೆ ಹೊಂಗೂದಲ ದಾಲಿ ಕೂತು
ಕಾಡಾಡುಗಳ ಹಾಲು ಕರೆಯುತ್ತಾಳಂತೆ.
ನಾವು ಕಂಡದ್ದು ಹಿಕ್ಕೆ.
ಬಿಸಿಯಿತ್ತು, ಅದೇ ಸಮಾಧಾನ.

ನೆರಳುಮಗ್ಗುಲಿನ ಕಲ್ಲು ಮಧ್ಯಾಹ್ನವೂ ನಿನ್ನೆಯ ರಾತ್ರಿಯಷ್ಟು ತಣ್ಣಗೆ.
ಬಿರುಕಿಗೆ ಮುಷ್ಟಿ ತುರುಕಿ, ಮುಷ್ಟಿ ಊದಿಸಿ,
ಅದರ ಮೇಲೆ ಮೈ ನೇತುಹಾಕಿ,
ಕಾಲು ಎಲ್ಲಿಡಲಿ ಎಂದು ಕಾಲನ್ನೇ ಕೇಳಿ.
ಅವನು ಮುಂದೆ. ಸೀಳು ತಿರುಗಿತು, ಅವನಿಲ್ಲ.
ಇರುವುದು ಹಗ್ಗ,
ನನ್ನ ಅಂಗೈಯಿಂದ ಹೊರಟು ಕಲ್ಲಿನೊಳಗೆ ಹೋಗುವ ಹಗ್ಗ.
ಒಂದು ಮೊಳ. ಅರ್ಧ ಮೊಳ.
ನಿಂತಿತು.
ಇಳಿಬಿಸಿಲು ಆಚೆ ಗುಡ್ಡ ಬಿಟ್ಟು ಹೋಗುವಷ್ಟು ಹೊತ್ತು ನಿಂತಿತು.

ಮೊದಲು ಬಂದದ್ದು ವಾಸನೆ,
ಕಲ್ಲಿಗೆ ಕಲ್ಲು ಉಜ್ಜಿದ ಸುಟ್ಟ ವಾಸನೆ.
ಆಮೇಲೆ ಒಲೆಯಷ್ಟು ದಪ್ಪದ ಬಂಡೆ ನನ್ನ ಕಿವಿ ಸವರಿ.
ಆಮೇಲೆ ಅವನು.

ಹಗ್ಗ ಕೈಯಲ್ಲಿ ಓಡಿತು.
ಹಿಡಿದೆ ಎಂದು ಹೇಳಲಾರೆ. ಬಿಡಲಿಲ್ಲ, ಅಷ್ಟು ಗೊತ್ತು.
ಅಂಗೈ ಹತ್ತಿಕೊಂಡಂತೆ, ಭುಜ ಬಂಡೆಗೆ ಬಡಿದು,
ದೊಡ್ಡಜ್ಜನ ಹೆಸರು ಆಗ ನೆನಪಿಗೆ ಬಂತು ಅಂದರೆ ಸುಳ್ಳು.
ನೆನಪಿಗೆ ಬಂದದ್ದು, ರೊಟ್ಟಿ ಅವನ ಚೀಲದಲ್ಲಿದೆ.

ಕೆಳಗೆ, ಏನೂ ಇಲ್ಲದ ಕಡೆ, ಜಾನ್ಸುಗ್ ಮೆಲ್ಲಗೆ ತಿರುಗುತ್ತಿದ್ದ,
ಒಮ್ಮೆ ಬೆನ್ನು, ಒಮ್ಮೆ ಮುಖ.
ಮುಖ ಬಂದಾಗ ಹೇಳಿದ:
ಗಂಟೆ ನಮ್ಮ ಅಟ್ಟದಲ್ಲಿದೆ.
ತಿರುಗಿದ. ಮತ್ತೆ ಬಂದ.
ನಾಲಗೆ ಕಳಚಿಹೋಗಿದೆ. ಬಡಿಯುವುದಿಲ್ಲ.
ಬಾಯಿ ಮುಚ್ಚು, ಕಾಲು ಊರು, ಎಂದೆ.

ಸೊಸೆಹಲ್ಲಿನ ತುದಿಯಲ್ಲಿ ಒಬ್ಬನಿಗಷ್ಟೇ ಜಾಗ.
ಒಬ್ಬ ನಿಂತರೆ ಇನ್ನೊಬ್ಬ ಕೆಳಗೆ ಹಿಡಿದಿರಬೇಕು.
ಇಪ್ಪತ್ತಾರು ವರ್ಷದಲ್ಲಿ ಅಲ್ಲಿಂದ ಕಾಣುವುದನ್ನು
ಒಟ್ಟಿಗೆ ನೋಡಿಲ್ಲ.
ಈ ಸಲ ಅವನು ಹೋಗಲಿಲ್ಲ, ನಾನೂ.
ಗೂಡಿನಂಥ ಜಾಗದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ
ಪುಡಿಯಾದ ರೊಟ್ಟಿ ತಿಂದೆವು.
ನನ್ನ ಪಾಲಿಗೆ ಅವನೇ ಉಪ್ಪು ಉದುರಿಸಿದ,
ನನ್ನ ಕೈ ಮಡಚುತ್ತಿರಲಿಲ್ಲ.
ಗಂಟೆ ಕೊಡು ಅಂತ ನಾನನ್ನಲಿಲ್ಲ.
ತರುತ್ತೇನೆ ಅಂತ ಅವನೂ.

ಕರು ಸಿಕ್ಕಿತೇ ಎಂದಳು ಹೆಂಡತಿ,
ಅಂಗೈಗೆ ಬೆಣ್ಣೆ ಸವರುತ್ತ. ಅದರ ಹಗ್ಗ ತುಂಬ ಬಿಗಿ ಇರಬೇಕು.

ಶನಿವಾರ ಹಿಟ್ಟಿನ ಅಂಗಡಿ.
ಚಿಲ್ಲರೆ ಎಡಗೈಯಲ್ಲಿ ಇಸಿದುಕೊಂಡೆ.
ಜಾನ್ಸುಗ್ ತಕ್ಕಡಿ ನೋಡುತ್ತಿದ್ದ,
ಮುಳ್ಳು ನಿಂತು ಎಷ್ಟೋ ಹೊತ್ತಾಗಿತ್ತು.